ಪಾರ್ಶ್ವವಾಯುವಿನ ನಂತರದ ಖಿನ್ನತೆ: ಕಾಯುವುದೋ, ಮಾತ್ರೆಯೋ, ಮಾತುಕತೆಯೋ?

ಪಾರ್ಶ್ವವಾಯು ಆದವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ದಾವಣಗೆರೆಯ ಸುತ್ತಮುತ್ತ ಯಾವ ಮನೆಗೆ ಹೋದರೂ ಮೊದಲ ದಿನ ಕೇಳುವ ಪ್ರಶ್ನೆ ಒಂದೇ: ಕೈ ಯಾವಾಗ ಬರುತ್ತದೆ, ಯಾವಾಗ ನಡೆಯುತ್ತಾರೆ? ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಪ್ರಶ್ನೆ ಬದಲಾಗಿರುತ್ತದೆ. ಗೇಟಿನವರೆಗೆ ಬಂದ ಮಗಳೋ ಸೊಸೆಯೋ ದನಿ ತಗ್ಗಿಸಿ ಹೇಳುತ್ತಾರೆ: “ಅಪ್ಪಾಜಿ ಯಾರ ಜೊತೆಗೂ ಮಾತನಾಡುತ್ತಿಲ್ಲ. ಊಟ ಬೇಡ ಅನ್ನುತ್ತಾರೆ. ರಾತ್ರಿ ಮೂರು ಗಂಟೆಗೇ ಎದ್ದು ಕೂತಿರುತ್ತಾರೆ. ಕಾಲು ಸರಿಹೋದರೆ ಇದೂ ಸರಿಹೋಗುತ್ತದೆ ಅಲ್ಲವೇ?”

ಆ ಕ್ರಮದಲ್ಲಿ ಸರಿಹೋಗುವುದು ಅಪರೂಪ. ಮನಸ್ಸು ಕುಸಿದವರು ವ್ಯಾಯಾಮ ಬಿಡುತ್ತಾರೆ, ಬಿ.ಪಿ. ಮಾತ್ರೆ ತಪ್ಪಿಸುತ್ತಾರೆ, ಊಟ ಕಡಿಮೆ ಮಾಡುತ್ತಾರೆ. ಹಾಗಾಗಿ ಕಾಲೂ ಬರುವುದಿಲ್ಲ. ಕಾಲಿನದು ಮುಗಿಯಲಿ, ಮನಸ್ಸಿನದನ್ನು ಆಮೇಲೆ ನೋಡೋಣ ಎಂದು ಕಾಯಬೇಡಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಎರಡೂ ಒಟ್ಟಿಗೆ ನಡೆಯಬೇಕಾದ ಚಿಕಿತ್ಸೆಗಳು.

ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ಸುಮಾರು ಮೂವರಿಗೆ ಒಬ್ಬರು ಖಿನ್ನತೆಗೆ ಒಳಗಾಗುತ್ತಾರೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿರುವ ಅಂದಾಜು ಇದು. ಇದರ ಬೇರು ಎರಡು ಕಡೆ ಇದೆ. ರಕ್ತ ಹರಿಯದೆ ಸತ್ತ ಮೆದುಳಿನ ಭಾಗವೇ ಮನಸ್ಥಿತಿಯನ್ನು ಹಿಡಿದಿಡುವ ನರಜಾಲಗಳನ್ನು ಕೆಡಿಸಿರಬಹುದು. ಇನ್ನೊಂದು, ನಿನ್ನೆಯವರೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದವರು ಇಂದು ಶೌಚಕ್ಕೂ ಇನ್ನೊಬ್ಬರ ಹೆಗಲು ಹಿಡಿಯಬೇಕಾದ ನೋವು. ಎರಡರಲ್ಲಿ ಯಾವುದು ಹೆಚ್ಚು ಎಂದು ಅಳೆಯಲು ಯಾವ ಸ್ಕ್ಯಾನೂ ಇಲ್ಲ. ಆದರೆ “ಮನಸ್ಸು ಗಟ್ಟಿ ಮಾಡಿಕೊಳ್ಳಿ” ಎಂಬ ಉಪದೇಶ ಎರಡಕ್ಕೂ ಔಷಧವಲ್ಲ.

ನಾನು ವೈದ್ಯನಲ್ಲ, ಮಾತ್ರೆ ಬರೆಯುವವನೂ ಅಲ್ಲ. ವೈದ್ಯರ ಮುಂದೆ ಕೂತಾಗ ಏನನ್ನು ಕೇಳಬೇಕು, ಸಿಗುವ ದಾರಿಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ಮನೆಯವರು ತಿಳಿದಿರಲಿ ಎಂಬ ಕಾಳಜಿಯಿಂದ ಈ ಹೋಲಿಕೆ.

ಯಾವುದಕ್ಕೆ ಚಿಕಿತ್ಸೆ ಎಂಬುದು ಮೊದಲು ತೀರ್ಮಾನವಾಗಲಿ

ಮಾತ್ರೆಗಳನ್ನು ಹೋಲಿಸುವ ಮೊದಲು ಹೋಲಿಸಬೇಕಾದದ್ದು ಲಕ್ಷಣಗಳನ್ನು. ಖಿನ್ನತೆಯಂತೆ ಕಾಣುವ ಕನಿಷ್ಠ ಮೂರು ಸ್ಥಿತಿಗಳು ಪಾರ್ಶ್ವವಾಯುವಿನ ನಂತರ ಬರುತ್ತವೆ, ಮೂರಕ್ಕೂ ದಾರಿ ಬೇರೆ.

ಮೊದಲನೆಯದು ತಡೆಯಲಾಗದ ಅಳು. ಮೊಮ್ಮಗು ಬಂದು ಕೈ ಹಿಡಿದರೆ ಸಾಕು, ಹಿರಿಯರು ಬಿಕ್ಕಿ ಬಿಕ್ಕಿ ಅಳುತ್ತಾರೆ; ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ದುಃಖವಾಯಿತೇ ಎಂದು ಕೇಳಿದರೆ ಇಲ್ಲ ಎಂದು ತಲೆಯಾಡಿಸುತ್ತಾರೆ. ಕೆಲವರಿಗೆ ಇದೇ ರೀತಿ ನಗು ಬರುತ್ತದೆ, ಸಾವಿನ ಸುದ್ದಿ ಕೇಳಿದಾಗಲೂ. ಒಳಗಿನ ಭಾವಕ್ಕೂ ಹೊರಗಿನ ಅಳುವಿಗೂ ಇರುವ ಹಿಡಿತ ಮೆದುಳಿನಲ್ಲಿ ಸಡಿಲಗೊಂಡಿರುವುದೇ ಇದರ ಕಾರಣ. ಇವರಲ್ಲಿ ಅನೇಕರಿಗೆ ಖಿನ್ನತೆ ಇರುವುದಿಲ್ಲ, ಕೆಲವರಿಗೆ ಎರಡೂ ಇರುತ್ತವೆ. ಖಿನ್ನತೆಗೆ ಕೊಡುವ ಮಾತ್ರೆಗಳಲ್ಲೇ ಕೆಲವು ಈ ಅಳುವನ್ನೂ ಕಡಿಮೆ ಮಾಡುತ್ತವೆ. ಅಷ್ಟಾಗಿ ತೊಂದರೆ ಕೊಡದಿದ್ದರೆ, ಇದು ಮೆದುಳಿನ ಪೆಟ್ಟಿನ ಒಂದು ಲಕ್ಷಣ ಎಂದು ಮನೆಯವರಿಗೂ ಬಂಧುಗಳಿಗೂ ಹೇಳಿ, ಅಳು ಬಂದಾಗ ಗಾಬರಿಯಾಗದೆ ಮಾತು ಬದಲಿಸಿದರೂ ಸಾಕಾಗಬಹುದು.

ಎರಡನೆಯದು ನಿರಾಸಕ್ತಿ. ಇವರು ಅಳುವುದಿಲ್ಲ, ಬೇಸರವೆಂದು ಹೇಳುವುದಿಲ್ಲ, ಸಾಯಬೇಕು ಎನ್ನುವುದಿಲ್ಲ. ಎಬ್ಬಿಸಿ ಕೂರಿಸಿದರೆ ಕೂರುತ್ತಾರೆ, ಬಾಯಿಗೆ ಇಟ್ಟರೆ ಉಣ್ಣುತ್ತಾರೆ, ತಾವಾಗಿ ಏನನ್ನೂ ಶುರು ಮಾಡುವುದಿಲ್ಲ. ಮನೆಯವರು ಇದನ್ನು ಸೋಮಾರಿತನ ಎಂದೋ ಹಠ ಎಂದೋ ತಿಳಿದು ರೇಗುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಲ್ಲಿ ಖಿನ್ನತೆಯ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ನಿರಾಸಕ್ತಿಯನ್ನು ಹೆಚ್ಚಿಸುವುದೂ ಉಂಟು. ಕೆಲಸ ಮಾಡುವುದು ದಿನಚರಿ: ಇಂಥ ಹೊತ್ತಿಗೆ ಎದ್ದು, ಇಂಥ ಹೊತ್ತಿಗೆ ಅಂಗಳಕ್ಕೆ ಬಂದು, ಇಂಥ ಕೆಲಸ ಎಂದು ಹೊರಗಿನಿಂದ ಕಟ್ಟಿಕೊಡುವ ಕ್ರಮ.

ಮೂರನೆಯದು ದಣಿವು. ಮನಸ್ಸು ಇದೆ, ಆಸೆ ಇದೆ, ಹತ್ತು ನಿಮಿಷಕ್ಕೆ ಮೈ ಸೋಲುತ್ತದೆ. ಇದು ವರ್ಷಗಟ್ಟಲೆ ಉಳಿಯಬಹುದು. ವ್ಯಾಯಾಮವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಹಂಚಿ, ನಡುವೆ ವಿಶ್ರಾಂತಿ ಕೊಡುವುದೇ ಇದಕ್ಕೆ ದಾರಿ.

ಇವುಗಳಿಗಿಂತ ಭಿನ್ನವಾಗಿ, ಖಿನ್ನತೆಯಲ್ಲಿ ಬೇಸರವೋ ಆಸಕ್ತಿ ಕಳೆದುಕೊಂಡಿರುವುದೋ ದಿನದ ಹೆಚ್ಚು ಹೊತ್ತು, ಎರಡು ವಾರಕ್ಕೂ ಮೇಲೆ ಇರುತ್ತದೆ. ಜೊತೆಗೆ ನಿದ್ದೆ ಕೆಡುವುದು, ಹಸಿವು ಹೋಗುವುದು, “ನಾನು ಎಲ್ಲರಿಗೂ ಹೊರೆ” ಎಂಬ ಮಾತು. ವೈದ್ಯರು ಬಳಸುವ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಪಿ.ಎಚ್.ಕ್ಯೂ. 9 ಎಂದು ಹೆಸರು, ಕನ್ನಡದಲ್ಲೂ ಸಿಗುತ್ತದೆ. ಕಳೆದ ಎರಡು ವಾರಗಳನ್ನು ನೆನೆದು ಉತ್ತರಿಸಬೇಕು. ಒಟ್ಟು 27 ಅಂಕಗಳಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಲೇಬೇಕು. ಒಂದು ಎಚ್ಚರ: ನಿದ್ದೆ, ದಣಿವು, ಹಸಿವು, ನಿಧಾನಗತಿ ಇವು ಪಾರ್ಶ್ವವಾಯುವಿನಿಂದಲೇ ಬಂದಿರಬಹುದು. ಹಾಗಾಗಿ ಒಟ್ಟು ಅಂಕಕ್ಕಿಂತ ಮೊದಲ ಎರಡು ಪ್ರಶ್ನೆಗಳಿಗೂ ಕೊನೆಯ ಪ್ರಶ್ನೆಗೂ ಸಿಕ್ಕ ಉತ್ತರ ಹೆಚ್ಚು ತೂಕದ್ದು. ಮೊದಲೆರಡು ಆಸಕ್ತಿ ಮತ್ತು ಬೇಸರದ ಬಗ್ಗೆ, ಕೊನೆಯದು ಸಾವಿನ ಯೋಚನೆಯ ಬಗ್ಗೆ.

ಇನ್ನೂ ಒಂದು ಮಾತು, ನನ್ನ ವೃತ್ತಿಗೆ ಸೇರಿದ್ದು. ಬಿದ್ದ ಕೈಯ ಭುಜದ ನೋವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೈ ಹಿಡಿದು ಎಳೆದು ಎಬ್ಬಿಸಿ ಎಬ್ಬಿಸಿ ಭುಜದ ಕೀಲು ಸಡಿಲವಾಗಿರುತ್ತದೆ, ರಾತ್ರಿಯಿಡೀ ನೋಯುತ್ತದೆ, ನಿದ್ದೆ ಇರುವುದಿಲ್ಲ. ಅಂಥವರ ಖಿನ್ನತೆಗೆ ಎಷ್ಟು ಮಾತ್ರೆ ಕೊಟ್ಟರೂ ಭುಜವನ್ನು ನೋಡದೆ ಅರ್ಧ ಲಾಭವೂ ಇಲ್ಲ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ಬಿ12, ಸೋಡಿಯಂ, ಹಿಮೋಗ್ಲೋಬಿನ್ ನೋಡಿಸಿ ಎಂದು ಕೇಳುವುದೂ ಇದೇ ಕಾರಣಕ್ಕೆ.

ಕಾಯುವುದು, ಅಥವಾ ಈಗಲೇ ಶುರು ಮಾಡುವುದು

ಮೊದಲ ಕೆಲವು ವಾರಗಳ ದುಃಖ ಸಹಜ. ಲಕ್ಷಣ ಹಗುರವಾಗಿದ್ದು, ಊಟ ನಿದ್ದೆ ಒಂದು ಮಟ್ಟಿಗೆ ನಡೆಯುತ್ತಿದ್ದು, ಸಾವಿನ ಮಾತು ಇಲ್ಲದಿದ್ದರೆ ಎರಡರಿಂದ ನಾಲ್ಕು ವಾರ ಗಮನಿಸುತ್ತಾ ಕಾಯುವುದು ಸರಿಯಾದ ಆಯ್ಕೆಯೇ. ಆದರೆ ಕಾಯುವುದೆಂದರೆ ಸುಮ್ಮನಿರುವುದಲ್ಲ. ಮುಂದೆ ಯಾವ ದಿನ ಮತ್ತೆ ಅದೇ ಪ್ರಶ್ನೆಗಳನ್ನು ಕೇಳಿ ನೋಡುತ್ತೀರಿ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಗುರುತಿಲ್ಲದೆ ಕಾದವರು ಯುಗಾದಿ ಕಳೆಯಲಿ, ಶ್ರಾವಣ ಕಳೆಯಲಿ ಎಂದು ಮುಂದಕ್ಕೆ ಹಾಕುತ್ತಲೇ ಹೋಗುವುದನ್ನು ಬಹಳ ಕಡೆ ನೋಡಿದ್ದೇನೆ.

ವ್ಯಾಯಾಮಕ್ಕೆ ನಿರಾಕರಣೆ, ತೂಕ ಇಳಿಯುವುದು, ಮಾತ್ರೆ ಉಗುಳುವುದು, ಹಿಂದೆ ಯಾವಾಗಲಾದರೂ ಖಿನ್ನತೆ ಇದ್ದದ್ದು: ಇವುಗಳಲ್ಲಿ ಒಂದಿದ್ದರೂ ಕಾಯುವ ಆಯ್ಕೆಯನ್ನು ಬಿಡಿ.

ಡಿಸ್ಚಾರ್ಜ್ ಚೀಟಿಯಲ್ಲೇ ಬಂದ ಮಾತ್ರೆ

ಅನೇಕ ಮನೆಗಳಲ್ಲಿ ಖಿನ್ನತೆ ಇದೆಯೇ ಎಂದು ಯಾರೂ ಕೇಳದೆಯೇ ಫ್ಲೂಯಾಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಶುರುವಾಗಿರುತ್ತದೆ. ಇದಕ್ಕೊಂದು ಇತಿಹಾಸವಿದೆ. 2011ರಲ್ಲಿ ಫ್ರಾನ್ಸಿನಲ್ಲಿ 118 ರೋಗಿಗಳ ಮೇಲೆ ನಡೆದ ಫ್ಲೇಮ್ ಎಂಬ ಅಧ್ಯಯನದಲ್ಲಿ, ಈ ಮಾತ್ರೆ ತೆಗೆದುಕೊಂಡವರ ಕೈಕಾಲಿನ ಬಲ ಹೆಚ್ಚು ಸುಧಾರಿಸಿತು. ಜಗತ್ತಿನಾದ್ಯಂತ ಆಸೆ ಚಿಗುರಿತು. ಸಣ್ಣ ಅಧ್ಯಯನದ ಫಲವನ್ನು ದೊಡ್ಡದಾಗಿ ಪರೀಕ್ಷಿಸಬೇಕೆಂದು ಮೂರು ಕಡೆ ಕೆಲಸ ನಡೆಯಿತು: ಬ್ರಿಟನ್ನಿನಲ್ಲಿ 3,127 ಜನರ ಫೋಕಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ವಿಯೆಟ್ನಾಂಗಳಲ್ಲಿ 1,280 ಜನರ ಅಫಿನಿಟಿ, ಸ್ವೀಡನ್ನಿನಲ್ಲಿ 1,500 ಜನರ ಎಫೆಕ್ಟ್ಸ್. ಮೂರರಲ್ಲೂ ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳು. ಮೂರರಲ್ಲೂ ಅದೇ ಉತ್ತರ: ಸ್ವತಂತ್ರವಾಗಿ ಬದುಕುವ ಶಕ್ತಿ ಮಾತ್ರೆಯಿಂದ ಹೆಚ್ಚಲಿಲ್ಲ.

2018ರಲ್ಲಿ ಪ್ರಕಟವಾದ ಫೋಕಸ್ ಅಧ್ಯಯನದಲ್ಲಿ ಹೊಸದಾಗಿ ಖಿನ್ನತೆ ಬಂದವರು ಮಾತ್ರೆಯ ಗುಂಪಿನಲ್ಲಿ ಶೇ 13ರಷ್ಟು, ಔಷಧವಿಲ್ಲದ ಹುಸಿ ಮಾತ್ರೆ ಪಡೆದ ಗುಂಪಿನಲ್ಲಿ ಶೇ 17ರಷ್ಟು. ಅದು ಲಾಭವೇ. ಆದರೆ ಮೂಳೆ ಮುರಿತ ಹೆಚ್ಚುಕಡಿಮೆ ಎರಡರಷ್ಟಾಯಿತು, ಶೇ 1.5 ಇದ್ದದ್ದು ಶೇ 2.9. ಒಂದು ಕಾಲು ಎಳೆಯುತ್ತಾ, ಒದ್ದೆ ಬಚ್ಚಲಿನಲ್ಲಿ ಗೋಡೆ ಹಿಡಿದು ನಡೆಯುವ ಅರವತ್ತೈದರ ಅಜ್ಜಿಗೆ ಸೊಂಟದ ಮೂಳೆ ಮುರಿದರೆ ಮುಂದೇನು ಎಂಬುದನ್ನು ಕಣ್ಣಾರೆ ಕಂಡಿರುವುದರಿಂದ, ಆ ಅಂಕಿಯನ್ನು ಸಣ್ಣದೆನ್ನಲು ನನ್ನಿಂದಾಗುವುದಿಲ್ಲ.

ಹಾಗಾಗಿ ಆಯ್ಕೆ ಹೀಗಿದೆ. ಕೈಕಾಲಿನ ಬಲಕ್ಕಾಗಿ ಮಾತ್ರ ಈ ಮಾತ್ರೆ ಕೊಟ್ಟಿದ್ದರೆ, ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ. ಖಿನ್ನತೆ ನಿಜವಾಗಿ ಇದ್ದು ಅದಕ್ಕಾಗಿ ಕೊಟ್ಟಿದ್ದರೆ ಮೇಲಿನ ಅಂಕಿಗಳನ್ನು ಓದಿ ಹೆದರಿ ನಿಲ್ಲಿಸಬೇಡಿ. ಖಿನ್ನತೆ ಬರದಂತೆ ತಡೆಯಲು ಎಲ್ಲರಿಗೂ ಕೊಡುವುದು ಒಂದು ಮಾತು, ಬಂದ ಖಿನ್ನತೆಯನ್ನು ಗುಣಪಡಿಸಲು ಕೊಡುವುದು ಬೇರೆಯೇ ಮಾತು.

ಮಾತ್ರೆ ಮತ್ತು ಮಾತುಕತೆ

ಮಾತ್ರೆಯ ಪರವಾಗಿ ಇರುವ ದೊಡ್ಡ ಅಂಶ, ಅದು ಎಲ್ಲ ತಾಲ್ಲೂಕುಗಳಲ್ಲೂ ಸಿಗುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಅಗ್ಗವೂ ಹೌದು. ಮಧ್ಯಮದಿಂದ ತೀವ್ರ ಖಿನ್ನತೆ ಇರುವವರಲ್ಲಿ ಹೆಚ್ಚಿನವರಿಗೆ ಇದು ಬೇಕೇ ಬೇಕು. ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ, ಪೂರ್ತಿ ಫಲ ಕಾಣಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಮೊದಲ ವಾರದಲ್ಲಿ ವಾಕರಿಕೆ, ತಳಮಳ, ತಲೆನೋವು ಬಂದು ಹೋಗುತ್ತವೆ. ಅಂದರೆ ಕೆಟ್ಟದ್ದು ಮೊದಲು ಬರುತ್ತದೆ, ಒಳ್ಳೆಯದು ಆಮೇಲೆ. “ನಾಲ್ಕು ದಿನ ಕೊಟ್ಟೆವು, ಹೊಟ್ಟೆ ತೊಳಸಿತು, ಬಿಟ್ಟೆವು” ಎನ್ನುವವರಿಗೆ ಈ ಒಂದು ಸಂಗತಿಯನ್ನು ಮೊದಲೇ ಹೇಳಿದ್ದರೆ ಬಿಡುತ್ತಿರಲಿಲ್ಲ.

ಮಾತುಕತೆಯ ಚಿಕಿತ್ಸೆ ಎಂದರೆ ಸಮಾಧಾನದ ಮಾತಲ್ಲ. ತರಬೇತಿ ಪಡೆದವರು ವಾರಕ್ಕೊಮ್ಮೆಯಂತೆ ಕೂತು, ಈ ವಾರದ ಒಂದು ಕಷ್ಟವನ್ನು ಎತ್ತಿಕೊಂಡು, ಅದಕ್ಕೆ ಸಾಧ್ಯವಿರುವ ದಾರಿಗಳನ್ನು ರೋಗಿಯಿಂದಲೇ ಹೇಳಿಸಿ, ಒಂದನ್ನು ಆರಿಸಿ ಮಾಡಿ ನೋಡಲು ಹೇಳುತ್ತಾರೆ. ಇಲ್ಲವೇ ರೋಗಿಗೆ ಹಿಂದೆ ಹಿತವಾಗಿದ್ದ ಕೆಲಸಗಳನ್ನು ಒಂದೊಂದಾಗಿ ದಿನಚರಿಗೆ ಮರಳಿ ತರುತ್ತಾರೆ. ಇದಕ್ಕೆ ಮಾತ್ರೆಯಂಥ ಅಡ್ಡಪರಿಣಾಮ ಇಲ್ಲ, ಬೇರೆ ಮಾತ್ರೆಗಳ ಜೊತೆ ಜಗಳವಿಲ್ಲ. ಕೊರತೆ ಎಂದರೆ ಇಂಥವರು ಜಿಲ್ಲಾ ಕೇಂದ್ರಗಳ ಆಚೆ ಸಿಗುವುದು ಕಷ್ಟ, ಪ್ರತಿ ವಾರ ಆಟೋ ಮಾಡಿಕೊಂಡು ಕರೆದೊಯ್ಯಬೇಕು, ರೋಗಿಗೆ ಗಮನವಿಟ್ಟು ಕೂರುವ ಶಕ್ತಿ ಇರಬೇಕು. ಪಾರ್ಶ್ವವಾಯು ಆದವರಲ್ಲಿ ಇದರ ಅಧ್ಯಯನಗಳೂ ಮಾತ್ರೆಯಷ್ಟು ದೊಡ್ಡ ಸಂಖ್ಯೆಯಲ್ಲಿ ಇಲ್ಲ.

ಎರಡನ್ನೂ ಸೇರಿಸಿದರೆ? ನನ್ನ ಒಲವು ಇಲ್ಲೇ. ಅಮೆರಿಕದ ಸಿಯಾಟಲ್‌ನಲ್ಲಿ ಪಾರ್ಶ್ವವಾಯುವಿನ ನಂತರ ಖಿನ್ನತೆಗೆ ಒಳಗಾಗಿದ್ದ 101 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮಾತ್ರೆಯ ಜೊತೆಗೆ ನರ್ಸ್ ಒಬ್ಬರ ಜೊತೆ ಎಂಟು ವಾರಗಳಲ್ಲಿ ಒಂಬತ್ತು ಸಲ ಕೂತವರಿಗೆ, ಬರೀ ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಗುಣವಾಯಿತು. ಒಂದು ವರ್ಷದ ನಂತರವೂ ಆ ವ್ಯತ್ಯಾಸ ಉಳಿದಿತ್ತು. ಮಾತುಕತೆ ನಡೆಸಿದವರು ನರ್ಸ್ ಎಂಬುದು ನನಗೆ ಇಲ್ಲಿ ಮುಖ್ಯವಾಗಿ ಕಾಣುತ್ತದೆ. ತರಬೇತಿ ಕೊಟ್ಟರೆ ನಮ್ಮ ತಾಲ್ಲೂಕು ಆಸ್ಪತ್ರೆಗಳ ದಾದಿಯರೂ ಇದನ್ನು ಮಾಡಬಲ್ಲರು.

ಹಗುರ ಖಿನ್ನತೆಗೆ ಮಾತುಕತೆ ಮತ್ತು ದಿನಚರಿಯಿಂದ ಶುರು ಮಾಡಿ, ಫಲ ಕಾಣದಿದ್ದರೆ ಮಾತ್ರೆ ಸೇರಿಸಬಹುದು. ಮಧ್ಯಮ ಅಥವಾ ತೀವ್ರವಾದದ್ದಕ್ಕೆ ಮಾತ್ರೆಯಿಂದ ಶುರು ಮಾಡಿ, ರೋಗಿ ಸ್ವಲ್ಪ ಚೇತರಿಸಿಕೊಂಡ ಕೂಡಲೇ ಮಾತುಕತೆ ಸೇರಿಸುವುದು ಒಳಿತು. ಆಪ್ತಸಮಾಲೋಚಕರು ಸಿಗದ ಊರಿನಲ್ಲಿ ಬರೀ ಮಾತ್ರೆಯಾದರೂ ಸರಿ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ವ್ಯಾಯಾಮದ ಬಗ್ಗೆ ನಾನು ಹೇಳಿದರೆ ಪಕ್ಷಪಾತ ಎನ್ನಿಸಬಹುದು. ಆದರೂ ಹೇಳುತ್ತೇನೆ: ಅದು ಖಿನ್ನತೆಯನ್ನು ಒಂದಷ್ಟು ತಗ್ಗಿಸುತ್ತದೆ, ಒಂಟಿಯಾಗಿ ಅದೊಂದೇ ಸಾಲದು.

ಮಾತ್ರೆಗಳಲ್ಲಿ ಯಾವುದು

ಆರಿಸುವವರು ವೈದ್ಯರೇ. ಆದರೆ ಅವರಿಗೆ ಸರಿಯಾದ ಮಾಹಿತಿ ಕೊಡುವವರು ನೀವು. ಪಾರ್ಶ್ವವಾಯು ಆದವರು ಆಗಲೇ ಐದಾರು ಮಾತ್ರೆ ನುಂಗುತ್ತಿರುತ್ತಾರೆ, ಹೊಸದು ಅವುಗಳ ನಡುವೆ ಹೊಂದಬೇಕು.

ಸರ್ಟ್ರಾಲಿನ್ ಮತ್ತು ಎಸ್ಸಿಟಾಲೊಪ್ರಾಂ ಸಾಮಾನ್ಯವಾಗಿ ಮೊದಲು ಬರೆಯುವ ಮಾತ್ರೆಗಳು. ಹೃದಯದ ತೊಂದರೆಯೂ ಇರುವವರಲ್ಲಿ ಸರ್ಟ್ರಾಲಿನ್ ಬಳಕೆಯ ಅನುಭವ ಚೆನ್ನಾಗಿದೆ, ಬೇರೆ ಔಷಧಿಗಳ ಜೊತೆ ತೊಡಕೂ ಕಡಿಮೆ. ಭೇದಿ ಆಗುವುದು ಮಾತ್ರ ಸ್ವಲ್ಪ ಹೆಚ್ಚು. ಎಸ್ಸಿಟಾಲೊಪ್ರಾಂ ಹೊಟ್ಟೆಗೆ ಹಗುರ, ದಿನಕ್ಕೊಂದೇ. ಆದರೆ ಹೃದಯದ ಬಡಿತದ ಲಯದ ಮೇಲೆ ಪರಿಣಾಮ ಬೀರಬಲ್ಲದು, ಹಾಗಾಗಿ ವಯಸ್ಸಾದವರಿಗೆ 10 ಮಿಲಿಗ್ರಾಂ ದಾಟದಿರುವುದು ಪದ್ಧತಿ. ಇ.ಸಿ.ಜಿ. ಕಾಗದ ಇದ್ದರೆ ತೋರಿಸಿ.

ಫ್ಲೂಯಾಕ್ಸೆಟಿನ್ ಹಳೆಯದು, ಅಗ್ಗದ್ದು. ದೇಹದಲ್ಲಿ ಬಹಳ ದಿನ ಉಳಿಯುವುದರಿಂದ ಒಂದು ದಿನ ತಪ್ಪಿದರೆ ತೊಂದರೆ ಕಡಿಮೆ. ಎಚ್ಚರ ಇರಬೇಕಾದದ್ದು ಎರಡು ಕಡೆ. ಕ್ಲೋಪಿಡೋಗ್ರೆಲ್ ದೇಹದೊಳಗೆ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನು ಇದು ತಗ್ಗಿಸಬಹುದು, ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಬಹುದು. ಪಾರ್ಶ್ವವಾಯು ಮರುಕಳಿಸದಂತೆ ಕೊಡುವ ಮಾತ್ರೆಗಳೇ ಅವು ಎಂಬುದನ್ನು ನೆನಪಿಡಿ.

ಈ ಮೂರಕ್ಕೂ ಸಮಾನವಾದ ಎರಡು ಅಪಾಯಗಳಿವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ರಕ್ತ ಹೆಪ್ಪುಗಟ್ಟದಂತೆ ಕೊಡುವ ಇತರ ಮಾತ್ರೆಗಳ ಜೊತೆ ಸೇರಿದಾಗ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಮಲ ಟಾರಿನಂತೆ ಕಪ್ಪಾದರೆ ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ನುಂಗುವ ಅಭ್ಯಾಸವಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಎರಡನೆಯದು ರಕ್ತದಲ್ಲಿ ಸೋಡಿಯಂ ಇಳಿಯುವುದು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಇದು ಹೆಚ್ಚು. ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಮಂಪರು, ಗೊಂದಲ, ತೂರಾಟ ಕಂಡರೆ ಮನೆಯವರು “ಮತ್ತೆ ಲಕ್ವ ಹೊಡೆಯಿತು” ಎಂದು ಹೆದರುತ್ತಾರೆ. ಅದು ಎರಡರಲ್ಲಿ ಯಾವುದೂ ಆಗಿರಬಹುದು, ಆದ್ದರಿಂದ ಮನೆಯಲ್ಲಿ ಕೂತು ಊಹಿಸದೆ ಆಸ್ಪತ್ರೆಗೆ ಓಡಿ. ಶುರು ಮಾಡಿ ಎರಡು ವಾರದ ಹೊತ್ತಿಗೆ ಸೋಡಿಯಂ ಪರೀಕ್ಷೆ ಮಾಡಿಸೋಣವೇ ಎಂದು ವೈದ್ಯರನ್ನು ನೀವೇ ಕೇಳುವುದು ಒಳ್ಳೆಯದು.

ಮಿರ್ಟಾಜಪೈನ್ ನಿದ್ದೆ ಬರಿಸುತ್ತದೆ, ಹಸಿವು ಹೆಚ್ಚಿಸುತ್ತದೆ. ಊಟ ಬಿಟ್ಟು ಸೊರಗಿದವರಿಗೆ, ರಾತ್ರಿಯಿಡೀ ಎದ್ದು ಕೂರುವವರಿಗೆ ಇದು ವರವಾಗಬಹುದು. ತೂಕ ಮತ್ತು ಸಕ್ಕರೆ ಆಗಲೇ ಹೆಚ್ಚಿರುವವರಿಗೆ ಅದೇ ಗುಣ ತೊಡಕು. ಅಮಿಟ್ರಿಪ್ಟಿಲಿನ್ ಥರದ ಹಳೆಯ ಮಾತ್ರೆಗಳು ಪರಿಣಾಮಕಾರಿ, ಆದರೆ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಎದ್ದಾಗ ಬಿ.ಪಿ. ಇಳಿದು ಬೀಳುವುದು ಇವುಗಳಿಂದಾಗಿ ಪಾರ್ಶ್ವವಾಯು ಆದ ಹಿರಿಯರಿಗೆ ಮೊದಲ ಆಯ್ಕೆಯಲ್ಲ. ಫಿಟ್ಸ್ ಬಂದಿದ್ದವರು ಬುಪ್ರೋಪಿಯಾನ್ ಬೇಡವೆನ್ನಬೇಕು, ಅದು ಫಿಟ್ಸ್ ಸಾಧ್ಯತೆಯನ್ನು ಹೆಚ್ಚಿಸುತ್ತದೆ.

ಆಲ್‌ಪ್ರಜೋಲಾಂ, ಕ್ಲೋನಾಜೆಪಾಂ ಥರದ ಮಾತ್ರೆಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. “ಟೆನ್ಶನ್‌ಗೆ ಅರ್ಧ ಮಾತ್ರೆ” ಎಂದು ಇವು ಅನೇಕ ಮನೆಗಳ ಡಬ್ಬಿಯಲ್ಲಿ ಇವೆ. ಇವು ಖಿನ್ನತೆಗೆ ಚಿಕಿತ್ಸೆಯೇ ಅಲ್ಲ. ರಾತ್ರಿ ಮಲಗಿಸುತ್ತವೆ, ಬೆಳಿಗ್ಗೆ ತೂರಾಡಿಸುತ್ತವೆ, ನೆನಪನ್ನು ಮಸುಕಾಗಿಸುತ್ತವೆ, ಬಿಡಲು ಹೋದರೆ ಬಿಡುವುದಿಲ್ಲ. ಮೈಯ ಸಮತೋಲ ಮರಳಿ ಕಲಿಯುತ್ತಿರುವವರಿಗೆ ಇದಕ್ಕಿಂತ ಅಡ್ಡಿ ಬೇರೆ ಬೇಡ. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಮಾತ್ರ ಥಟ್ಟನೆ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಲಕ್ವಕ್ಕೆ ನಾಟಿ ಔಷಧ, ಎಣ್ಣೆ ತಿಕ್ಕಿಸುವುದು ನಮ್ಮ ಕಡೆ ರೂಢಿ. ಹಗುರವಾಗಿ ಎಣ್ಣೆ ಹಚ್ಚಿಸಿಕೊಳ್ಳುವುದರಿಂದ ಮೈಗೆ ಹಿತವಾದರೆ ಆಗಲಿ. ಆದರೆ ಅಲ್ಲಿಗೆ ಹೋಗುವಾಗ ಇಂಗ್ಲಿಷ್ ಮಾತ್ರೆ ಪೂರ್ತಿ ಬಿಡಬೇಕು ಎಂದು ಯಾರಾದರೂ ಷರತ್ತು ಹಾಕಿದರೆ ಎದ್ದು ಬನ್ನಿ. ಬಿ.ಪಿ. ಮತ್ತು ಆಸ್ಪಿರಿನ್ ನಿಂತರೆ ಎರಡನೆಯ ಪಾರ್ಶ್ವವಾಯುವಿಗೆ ದಾರಿ ಮಾಡಿಕೊಟ್ಟಂತೆ.

ಮಾತು ಹೋದವರಿಗೆ

ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದವರ ಖಿನ್ನತೆಯೇ ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು. ಪ್ರಶ್ನಾವಳಿಗೆ ಅವರು ಉತ್ತರಿಸಲಾರರು, ಹಾಗಾಗಿ ಯಾರೂ ಕೇಳುವುದಿಲ್ಲ. ಇಂಥವರಿಗಾಗಿಯೇ, ಜೊತೆಗಿರುವವರು ಕಂಡದ್ದನ್ನು ಆಧರಿಸಿ ತುಂಬುವ ಪ್ರಶ್ನಾವಳಿಗಳಿವೆ: ಅಳುತ್ತಾರೆಯೇ, ಕಣ್ಣು ತಪ್ಪಿಸುತ್ತಾರೆಯೇ, ನೋವಿದ್ದಂತೆ ಚಡಪಡಿಸುತ್ತಾರೆಯೇ, ಜನರಿಂದ ದೂರ ಸರಿಯುತ್ತಾರೆಯೇ. ಮನೋವೈದ್ಯರ ಬಳಿ ಹೋಗುವಾಗ ರೋಗಿಯ ಜೊತೆ ಹಗಲಿಡೀ ಇರುವವರೇ ಹೋಗಬೇಕು. ಬೆಂಗಳೂರಿನಿಂದ ಶನಿವಾರ ಬಂದ ಮಗನಿಗೆ, ಅಮೆರಿಕದಿಂದ ವಿಡಿಯೊ ಕರೆಯಲ್ಲಿ ನೋಡುವ ಮಗಳಿಗೆ ಪ್ರೀತಿ ಎಷ್ಟಿದ್ದರೂ ಈ ವಿವರ ಗೊತ್ತಿರುವುದಿಲ್ಲ.

ಮಾತಿಲ್ಲದವರಿಗೆ ಮಾತುಕತೆಯ ಚಿಕಿತ್ಸೆ ಸಾಧ್ಯವೇ ಇಲ್ಲವೆಂದು ಕೈಬಿಡುವುದು ತಪ್ಪು. ಬ್ರಿಟನ್ನಿನಲ್ಲಿ ಮಾತು ಕಳೆದುಕೊಂಡ 105 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಕಾಮ್ ಎಂಬ ಅಧ್ಯಯನದಲ್ಲಿ, ಚಿತ್ರಗಳನ್ನೂ ಸರಳ ಚೀಟಿಗಳನ್ನೂ ಬಳಸಿ, ಅವರಿಗೆ ಹಿತವಾದ ಚಟುವಟಿಕೆಗಳನ್ನು ಮರಳಿ ತಂದಾಗ ಮನಸ್ಥಿತಿ ಸುಧಾರಿಸಿತು. ಮನೆಯಲ್ಲಿ ಇದರ ರೂಪ ಹೀಗಿರುತ್ತದೆ: ಸರಿಯಿರುವ ಕೈಯಲ್ಲಿ ಕಡಲೆಕಾಯಿ ಬಿಡಿಸುವುದು, ಸೊಪ್ಪು ಸೋಸುವುದು, ಸಂಜೆ ಕಟ್ಟೆಯ ಮೇಲೆ ಹಳೆಯ ಗೆಳೆಯರ ನಡುವೆ ಕೂರಿಸುವುದು, ಇಷ್ಟದ ವಚನವನ್ನೋ ಭಜನೆಯನ್ನೋ ಹಾಕುವುದು. ಮಾತು ಬಾರದವರೂ ಗೊತ್ತಿರುವ ಹಾಡಿನ ಸಾಲನ್ನು ಹಾಡಿಬಿಡುವುದುಂಟು. ಆಗ ಅವರ ಮುಖ ನೋಡಬೇಕು. ಮಾತಿನ ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ಒಂದಿಷ್ಟು ಮರಳಿದರೆ ಖಿನ್ನತೆಯ ಚಿಕಿತ್ಸೆಗೂ ದಾರಿ ಸುಗಮವಾಗುತ್ತದೆ.

ಎಲ್ಲಿಗೆ ಹೋಗುವುದು

ಪಾರ್ಶ್ವವಾಯು ನೋಡಿದ ನರರೋಗ ತಜ್ಞರೇ ಮೊದಲ ಬಾಗಿಲು. ಬೇರೆ ಮಾತ್ರೆಗಳೆಲ್ಲ ಅವರಿಗೆ ಗೊತ್ತು. ಆದರೆ ಅವರ ಬಳಿ ಐದು ನಿಮಿಷಕ್ಕಿಂತ ಹೆಚ್ಚು ಸಿಗುವುದು ಕಷ್ಟ, ಮನಸ್ಸಿನ ಮಾತು ನೀವೇ ಎತ್ತದಿದ್ದರೆ ಬರುವುದಿಲ್ಲ. ಮೊದಲ ವಾಕ್ಯದಲ್ಲೇ ಎತ್ತಿ. ಆಳವಾಗಿ ನೋಡಬೇಕಾದಾಗ, ಮೊದಲ ಮಾತ್ರೆ ಫಲ ಕೊಡದಿದ್ದಾಗ, ಸಾವಿನ ಮಾತು ಬಂದಾಗ ಮನೋವೈದ್ಯರೇ ಬೇಕು. “ಹುಚ್ಚರ ಡಾಕ್ಟರ ಹತ್ತಿರ ಅಪ್ಪನನ್ನು ಕರೆದುಕೊಂಡು ಹೋಗುವುದೇ?” ಎಂಬ ಅಳುಕು ಇನ್ನೂ ಇದೆ. ಮೆದುಳಿಗೆ ಪೆಟ್ಟಾಗಿದೆ, ಮೆದುಳಿನ ಇನ್ನೊಂದು ಭಾಗದ ವೈದ್ಯರಿಗೆ ತೋರಿಸುತ್ತಿದ್ದೇವೆ ಎಂದು ಹಿರಿಯರಿಗೆ ಹೇಳಿ. ಅದು ಸುಳ್ಳಲ್ಲ.

ಖಾಸಗಿ ವೆಚ್ಚ ಭರಿಸಲಾಗದವರಿಗೆ ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಇರುತ್ತಾರೆ. ಈಗ ದೇಶದೆಲ್ಲೆಡೆ ಇರುವ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಮನೋಚೈತನ್ಯ ಕಾರ್ಯಕ್ರಮದ ಅಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿಕೊಂಡು ಹೊರಡಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ತೊಡಕಿನ ಪ್ರಕರಣಗಳಿಗೆ ಸರಿ. ಗಾಲಿಕುರ್ಚಿಯಲ್ಲಿರುವವರನ್ನು ಇನ್ನೂರು ಕಿಲೋಮೀಟರ್ ಕರೆದೊಯ್ಯುವ ಮೊದಲು ಹತ್ತಿರದ್ದನ್ನು ನೋಡಿ ಎಂಬುದು ನನ್ನ ಸಲಹೆ.

ಮನೆ ಬಿಟ್ಟು ಹೊರಡಲಾಗದವರಿಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ: 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಉಚಿತ, ಹಗಲು ರಾತ್ರಿ, ಕನ್ನಡದಲ್ಲಿ ಮಾತನಾಡಬಹುದು. ರೋಗಿಗೆ ಮಾತ್ರವಲ್ಲ, ನೋಡಿಕೊಳ್ಳುವವರಿಗೂ.

ಆ ಎರಡನೆಯ ಮಾತನ್ನು ಬಿಡಿಸಿ ಹೇಳಬೇಕು. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಟೆಂಡ್ ಎಂಬ ಅಧ್ಯಯನ, ಮನೆಯವರಿಗೇ ತರಬೇತಿ ಕೊಟ್ಟು ಅವರಿಂದಲೇ ಪುನಶ್ಚೇತನ ಮಾಡಿಸಿದರೆ ಅಂಗವೈಕಲ್ಯ ಕಡಿಮೆಯಾಗುತ್ತದೆಯೇ ಎಂದು ನೋಡಿತು. ಮಾಮೂಲು ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಖಿನ್ನತೆಯ ವಿಷಯದಲ್ಲೂ ಎಲ್ಲವನ್ನೂ ಹೆಂಡತಿಯ ಅಥವಾ ಸೊಸೆಯ ಹೆಗಲಿಗೇ ಹೊರಿಸುವ ನಮ್ಮ ಪದ್ಧತಿಗೆ ಇದು ಎಚ್ಚರಿಕೆಯೆಂದು ನಾನು ತಿಳಿಯುತ್ತೇನೆ. ವಾರಕ್ಕೆ ಒಂದು ಮಧ್ಯಾಹ್ನವಾದರೂ ಬೇರೆ ಯಾರಾದರೂ ರೋಗಿಯ ಬಳಿ ಕೂರಲಿ, ನೋಡಿಕೊಳ್ಳುವವರು ಹೊರಗೆ ಹೋಗಿ ಬರಲಿ. ಅವರ ನಿದ್ದೆ ಮತ್ತು ಅಳುವನ್ನೂ ಅದೇ ಒಂಬತ್ತು ಪ್ರಶ್ನೆಗಳಿಂದ ಅಳೆಯಬೇಕು.

ವಿಮೆ ಇದ್ದವರು ಗಮನಿಸಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕು.

ತಡ ಮಾಡಬಾರದ ಹೊತ್ತು

“ದೇವರು ಬೇಗ ಕರೆದುಕೊಳ್ಳಲಿ” ಎಂಬ ಮಾತು ಹಿರಿಯರ ಬಾಯಲ್ಲಿ ಸಾಮಾನ್ಯ ಎಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ, ಹೇಗೆ ಎಂದು ಯೋಚಿಸಿದ್ದೀರಾ ಎಂದು ಹತ್ತಿರ ಕೂತು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರನ್ನು ಕಾಣಿ. ಹೊಲಕ್ಕೆಂದು ತಂದಿಟ್ಟ ಕೀಟನಾಶಕವನ್ನು ಮನೆಯಿಂದಲೇ ಆಚೆ ಸಾಗಿಸಿ, ಮಾತ್ರೆಗಳ ಡಬ್ಬಿ ಬೇರೆಯವರ ಬೀಗದಲ್ಲಿರಲಿ, ದಿನದ ಮಾತ್ರೆ ಕೈಗೆ ಕೊಟ್ಟು ನುಂಗಿದ್ದನ್ನು ನೋಡಿ. ಒಂದೇ ದಿನದಲ್ಲಿ ಗೊಂದಲ ಶುರುವಾದರೆ, ಬಾಯಿ ಸೊಟ್ಟಗಾದರೆ, ಇನ್ನೊಂದು ಕೈ ಸೋತರೆ ಅದು ಖಿನ್ನತೆಯಲ್ಲ. 108ಕ್ಕೆ ಕರೆ ಮಾಡಿ.

ಶುರುವಾದ ಮೇಲೆ

ಮಾತ್ರೆ ಶುರುವಾಗಿ ಎರಡು ವಾರವಾದಾಗ ಒಮ್ಮೆ, ಆರು ವಾರವಾದಾಗ ಮತ್ತೊಮ್ಮೆ ವೈದ್ಯರನ್ನು ಕಾಣುವ ದಿನಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಸರಿಯಾದ ಪ್ರಮಾಣದಲ್ಲಿ ಆರರಿಂದ ಎಂಟು ವಾರ ಕೊಟ್ಟರೂ ಏನೂ ಬದಲಾಗದಿದ್ದರೆ ಪ್ರಮಾಣ ಹೆಚ್ಚಿಸುವುದೋ ಮಾತ್ರೆ ಬದಲಿಸುವುದೋ ಅವರು ನಿರ್ಧರಿಸುತ್ತಾರೆ. ಒಂದು ಮಾತ್ರೆ ಹಿಡಿಸದಿದ್ದರೆ ಇನ್ನೊಂದೂ ಹಿಡಿಸುವುದಿಲ್ಲ ಎಂದೇನೂ ಇಲ್ಲ. ಎಷ್ಟು ಮಾತ್ರೆಗೂ ಮಣಿಯದೆ, ಊಟ ನೀರು ಪೂರ್ತಿ ಬಿಟ್ಟವರಿಗೆ ವಿದ್ಯುತ್ ಚಿಕಿತ್ಸೆಯಂಥ ದಾರಿಗಳೂ ಇವೆ, ಅವು ದೊಡ್ಡ ಆಸ್ಪತ್ರೆಯ ಮನೋವೈದ್ಯರು ತೀರ್ಮಾನಿಸುವ ಸಂಗತಿ.

ಗುಣವಾದರೆ ಅಲ್ಲಿಗೇ ನಿಲ್ಲಿಸುವಂತಿಲ್ಲ. ಮನಸ್ಸು ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ವಾರಗಳ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಬರುತ್ತವೆ, ಅದನ್ನು ಕಂಡವರು “ಮಾತ್ರೆ ಚಟವಾಗಿಬಿಟ್ಟಿದೆ” ಎಂದು ತಪ್ಪು ತಿಳಿಯುತ್ತಾರೆ. ಊರ ಜಾತ್ರೆಗೋ ಮದುವೆಗೋ ಹೊರಟಾಗ ಮಾತ್ರೆ ಮುಗಿಯದಂತೆ ಹತ್ತು ದಿನದ್ದು ಮುಂಚಿತವಾಗಿಯೇ ತೆಗೆದಿಡಿ. ಪ್ರತಿ ಭೇಟಿಗೂ ಎಲ್ಲ ಮಾತ್ರೆಗಳನ್ನು, ಖಾಲಿ ಪಟ್ಟಿಗಳನ್ನೂ ಸೇರಿಸಿ, ಒಂದೇ ಚೀಲದಲ್ಲಿ ಒಯ್ಯಿರಿ.